ಟಾಕೀಸಿನ ವಯಸ್ಸು ಹಿಡಿಯಲು ಕ್ಯಾಬಿನ್ ಹತ್ತಬೇಕು

ಕಾರವಾರ, 14 ಜುಲೈ 2024, ಭಾನುವಾರ. ಬೆಳಗಿನಿಂದ ಬಿಡದ ಮಳೆ.

ಹಳೆಯ ಟಾಕೀಸನ್ನು ಅಳೆದು ನಕ್ಷೆ ಬರೆಯಲು ಮಳೆಗಾಲವೇ ಸರಿ. ಯಾವ ಗೋಡೆಯನ್ನು ಆಮೇಲೆ ಸೇರಿಸಿದರು, ಎಲ್ಲಿ ಒಡೆದು ಮುಚ್ಚಿದರು ಎಂಬುದೆಲ್ಲ ತೇವದ ಗೆರೆಯಲ್ಲಿ ಎದ್ದು ಬರುತ್ತದೆ.

ಎಲ್ಲರ ಕ್ಯಾಮೆರಾ ಮೊದಲು ತಿರುಗುವುದು ಮುಂಭಾಗದ ಕಡೆಗೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಪ್ಯಾರಾಪೆಟ್, ನೆಟ್ಟಗೆ ನಿಂತ ಸಿಮೆಂಟ್ ಪಟ್ಟಿಗಳು: ಮುಂಬಯಿಯ ರೀಗಲ್ (1933), ಎರೋಸ್ (1938) ಟಾಕೀಸುಗಳ ಕಾಲದ ಆರ್ಟ್ ಡೆಕೊ ಶೈಲಿಯ ಗತ್ತು. 1956ರ ನವೆಂಬರ್‌ವರೆಗೆ ನಮ್ಮ ಜಿಲ್ಲೆ ಮುಂಬಯಿಗೇ ಸೇರಿತ್ತಲ್ಲ. ಆದರೆ ಈ ಮುಖವನ್ನು ಎಷ್ಟು ಹಳೆಯ ಹಾಲಿಗಾದರೂ ಯಾವಾಗ ಬೇಕಾದರೂ ಅಂಟಿಸಬಹುದು. ಪಕ್ಕದ ಓಣಿಗೆ ಹೋದರೆ ಕಾಣುವುದು ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋದಾಮು, ಮೇಲೊಂದು ಇಳಿಜಾರು ಮಾಡು. ಮುಂಭಾಗದ ಗೋಡೆ ಆ ಮಾಡನ್ನು ಮರೆಮಾಡಲು ಎತ್ತಿದ್ದು. ಗೋಡೆಯೂ ಮಾಡೂ ಕೂಡುವಲ್ಲಿ ಮಳೆನೀರು ಹರಿದುಹೋಗಲು ತಗಡಿನ ದೋಣಿ ಇರುತ್ತದೆ. ಅದರಲ್ಲಿ ಎಲೆ ಕಟ್ಟಿಕೊಂಡರೆ ನೀರು ಒಳಗಡೆಯೇ ಇಳಿಯುತ್ತದೆ. ಟಿಕೆಟ್ ಕಿಟಕಿಯ ಮೇಲಿನ ಹಸಿರು ಪಾಚಿಗೆ ಮೂಲ ಅದೇ.

ಪ್ರೊಜೆಕ್ಟರ್ ಮೆಷಿನ್ ಇಡುವ ಕ್ಯಾಬಿನ್ನಿಗೆ ಬನ್ನಿ. ಹಳೆಯ ಕಾಲದ ನೈಟ್ರೇಟ್ ಫಿಲ್ಮಿನ ರೀಲು ಉರಿಯಲು ಹೊರಗಿನ ಗಾಳಿಯೇ ಬೇಡ, ಆಮ್ಲಜನಕ ಅದರೊಳಗೇ ಇದೆ. ನೀರು ಸುರಿದರೂ ಆರದು. ಅದಕ್ಕೇ ಕ್ಯಾಬಿನ್ನಿಗೆ ದಪ್ಪ ಗೋಡೆ, ಪ್ರೇಕ್ಷಕರ ದಾರಿಗೆ ತಾಗದ ಹೊರಮೆಟ್ಟಿಲು, ಹೊರಕ್ಕೆ ತೆರೆಯುವ ಬಾಗಿಲು. ಹಾಲಿನ ಕಡೆಯ ಗೋಡೆಯಲ್ಲಿ ತೂತುಗಳನ್ನು ಎಣಿಸಿ. ಒಂದು ಮೆಷಿನ್ನಿಗೆ ಎರಡು: ಬೆಳಕು ಹೋಗಲು ಒಂದು, ಆಪರೇಟರ್ ಇಣುಕಲು ಒಂದು. ನಾಲ್ಕಿದ್ದರೆ ಜೋಡಿ ಮೆಷಿನ್. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ, 2000 ಅಡಿಯ ರೀಲು 22 ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಇನ್ನೊಂದು ಮೆಷಿನ್ ಸಿದ್ಧವಿರಬೇಕಿತ್ತು. ತೂತಿನ ಮೇಲೆ ಬೆಂಕಿ ತಡೆಯುವ ಕಬ್ಬಿಣದ ಮುಚ್ಚಳ ಜಾರುವ ಹಳಿ ಉಳಿದಿದ್ದರೆ ಅದರ ಫೋಟೋ ಬಿಡಬೇಡಿ. ಹಾಗೆಂದು ಅದೊಂದನ್ನೇ ಹಿಡಿದು ಕಾಲ ನಿರ್ಣಯಿಸಬಾರದು. 1951ರ ಸುಮಾರಿಗೆ ಕೊಡಕ್ ನೈಟ್ರೇಟ್ ನಿಲ್ಲಿಸಿದ ಮೇಲೂ ಕ್ಯಾಬಿನ್ ಕಟ್ಟುವ ರೂಢಿ ಹಾಗೇ ಮುಂದುವರಿಯಿತು. ಸೀಲಿಂಗಿನಲ್ಲಿ ದುಂಡು ತೇಪೆ ಕಂಡರೆ ಅದು ಮೆಷಿನ್ನಿನ ದೀಪವಾಗಿದ್ದ ಕಾರ್ಬನ್ ಆರ್ಕಿನ ಹೊಗೆಕೊಳವೆ ಹೋಗಿದ್ದ ಜಾಗ; ಇವತ್ತು ಹನಿ ಬೀಳುವುದೂ ಅಲ್ಲಿಂದಲೇ. ನೆಲದಲ್ಲಿ ತುಕ್ಕು ಹಿಡಿದ ನಾಲ್ಕು ಬೋಲ್ಟ್ ಉಳಿದಿದ್ದರೆ ಮೆಷಿನ್ನಿನದೋ ರೆಕ್ಟಿಫೈಯರಿನದೋ ಎಂದು ಅಂತರ ಅಳೆದು ಬರೆದಿಟ್ಟುಕೊಳ್ಳಿ. ಆರ್ಕಿಗೆ ಸಾಮಾನ್ಯವಾಗಿ ಡಿಸಿ ಕರೆಂಟ್ ಬೇಕಿತ್ತು, ಎಸಿಯನ್ನು ಡಿಸಿ ಮಾಡುತ್ತಿದ್ದುದು ರೆಕ್ಟಿಫೈಯರ್.

ಇನ್ನು ಪರದೆಯ ಗೋಡೆ. ಹಳೆಯ ಚೌಕಟ್ಟು 1.37:1, ಅಂದರೆ 15 ಅಡಿ ಎತ್ತರಕ್ಕೆ ಇಪ್ಪತ್ತೂವರೆ ಅಡಿ ಅಗಲ. ಆಮೇಲೆ ಬಂದ ಅಗಲ ಚಿತ್ರ ಸಿನಿಮಾಸ್ಕೋಪ್, ಅಂದರೆ ಸ್ಕೋಪ್ 2.35:1, ಅದೇ ಎತ್ತರಕ್ಕೆ 35 ಅಡಿ. ಅಗಲದ ಹಾಲಿನಲ್ಲಿ ರಂಗದ ಇಬ್ಬದಿಯ ಕಂಬ ಒಡೆದರು, ಪರದೆ ಪಕ್ಕದ ಬಾಗಿಲು ಮುಚ್ಚಿದರು. ಹಾಲು ಕಿರಿದಾದರೆ ಎತ್ತರವನ್ನೇ ಕಡಿಮೆ ಮಾಡಬೇಕಾಯಿತು: 28 ಅಡಿ ಅಗಲಕ್ಕೆ ಬರೇ 12 ಅಡಿ. ಚಿತ್ರ ದೊಡ್ಡದಾಯಿತು ಎಂದು ಪೋಸ್ಟರ್ ಸಾರಿದರೂ ಗಾಂಧಿ ಕ್ಲಾಸಿನವನಿಗೆ ಸಿಕ್ಕಿದ್ದು ಕುಳ್ಳಗಿನ ಚಿತ್ರ! ಗಾರೆಯಲ್ಲಿ ಹಳೆಯ ಕಮಾನು ಕಡಿದ ಗುರುತು ಹುಡುಕಿ. ಕಡಿದ ಕಾಲದ ಅಂದಾಜಿಗೆ: ಕನ್ನಡದ ಮೊದಲ ಸ್ಕೋಪ್ ಚಿತ್ರ 1977ರದ್ದು, ಹಿಂದಿಯದು 1959ರದ್ದು. ಪರದೆ ಹಿಂದೆ ನಾಲ್ಕೈದು ಅಡಿ ಇದ್ದರೆ ಸ್ಪೀಕರಿಗೆ ಬಿಟ್ಟ ಜಾಗ. ಹತ್ತಡಿ ಮೀರಿ ಪಕ್ಕದಲ್ಲೊಂದು ಕೋಣೆಯೂ ಇದ್ದರೆ, ನಾಟಕಕ್ಕೂ ಆಗಲಿ ಎಂದು ಕಟ್ಟಿದ್ದು.

ಗೋಡೆಯ ಹೊರಮೈಯನ್ನು ಉಗುರಿನಿಂದ ಕೆರೆದು ನೋಡಿ. ಸುಣ್ಣದ ಗಾರೆ ಪುಡಿಯಾಗಿ ಉದುರುತ್ತದೆ. ಆಮೇಲೆ ಬಳಿದ ಸಿಮೆಂಟ್ ಹಾಳೆಯಂತೆ ಏಳುತ್ತದೆ, ಹಿಂದೆ ಚಿರೆಕಲ್ಲು ನೀರು ಕುಡಿದು ಮೆತ್ತಗಾಗಿರುತ್ತದೆ. ಮಾಡಿನ ಶೀಟಿಗೆ ಹಾಕಿದ ಜೆ ಬೋಲ್ಟುಗಳು ಉಪ್ಪುಗಾಳಿಗೆ ಮೊದಲು ಕರಗುವುದು ಕಡಲ ಕಡೆಯ ಇಳಿಜಾರಿನಲ್ಲಿ. ಏಣಿ ಅಲ್ಲಿಗೇ ಇಡಿ, ಆದರೆ ಹಳೇ ಶೀಟಿನ ಮೇಲೆ ಕಾಲಿಡಬೇಡಿ, ಹಲಗೆ ಹಾಸಿಕೊಳ್ಳಿ.