131ನೇ ಪುಟದ 24 ನಿಮಿಷ

ಅಕ್ಟೋಬರ್ ಬಂತೆಂದರೆ ನಮ್ಮ ಪ್ರಕಾಶನದಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರುವುದಿಲ್ಲ. ರಾಜ್ಯೋತ್ಸವದ ಹೊತ್ತಿಗೆ ಪುಸ್ತಕ ಮಳಿಗೆಯಲ್ಲಿರಬೇಕು ಅಂತ ಯಜಮಾನರ ಹಟ. ಆ ವರ್ಷದ ಪಟ್ಟಿಯಲ್ಲಿ ಆರು ಪುಸ್ತಕಗಳಿದ್ದವು. ಐದು ನಮಗೆ ಅಭ್ಯಾಸವಿದ್ದವೇ: ಕಥೆ, ಪ್ರಬಂಧ, ಒಂದು ಆತ್ಮಕಥೆ. ಆರನೆಯದು ವೈಜ್ಞಾನಿಕ ಕಾದಂಬರಿ. ಬರೆದವರು ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ಮೇಡಂ. ಅವರಿಗೆ ಅದು ಮೊದಲ ಪುಸ್ತಕ. ಹನ್ನೊಂದು ವರ್ಷದಿಂದ ಕರಡು ತಿದ್ದುತ್ತಿದ್ದ ನನಗೂ ಆ ಬಗೆಯದ್ದು ಮೊದಲನೆಯದೇ.

ಹಸ್ತಪ್ರತಿ ಓದಿದಾಗಲೇ ನನಗೆ ಇಷ್ಟವಾಗಿತ್ತು. ಮಂಗಳ ಗ್ರಹದ ಮೇಲೊಂದು ಶಿಬಿರ. ಅಲ್ಲಿ ತಮ್ಮ ಇದ್ದಾನೆ. ಅಕ್ಕನಿಗೆ ದೂರದ ನೌಕೆಗಳ ಸಂಕೇತ ಹಿಡಿಯುವ ಬ್ಯಾಲಾಳು ಆಂಟೆನಾ ಕೇಂದ್ರದಲ್ಲಿ ಕೆಲಸ. ಊರಿನಲ್ಲಿ ವಯಸ್ಸಾದ ಅಮ್ಮ. ಇಷ್ಟೇ ಕಥೆ. ರಾಕೆಟ್ಟಿನ ಅಬ್ಬರ ಕಡಿಮೆ, ಮನೆಯ ಮಾತೇ ಜಾಸ್ತಿ. ಇಂಥದ್ದು ಕನ್ನಡದಲ್ಲಿ ಇನ್ನೂ ಬರಬೇಕು ಎಂದು ಯಜಮಾನರ ಹತ್ತಿರ ವಾದ ಮಾಡಿ ಒಪ್ಪಿಸಿದವನು ನಾನೇ. ಡೆಮಿ 1/8 ಅಳತೆ, 208 ಪುಟ, 16 ಪುಟಕ್ಕೊಂದರಂತೆ 13 ಫಾರಂ, 1000 ಪ್ರತಿ.

ಮೇಡಂ ಯೂನಿಕೋಡಿನಲ್ಲಿ ಟೈಪ್ ಮಾಡಿ ಕಳಿಸಿದ್ದರು. ನಮ್ಮಲ್ಲಿ ಪುಟ ಕಟ್ಟುವುದು ಇವತ್ತಿಗೂ ಹಳೆಯ ನುಡಿ ಫಾಂಟಿನಲ್ಲಿ. ಕನ್ವರ್ಟ್ ಮಾಡಿದಾಗೆಲ್ಲ ಏನಾದರೊಂದು ಕೆಡುತ್ತದೆ. ಎಲ್ಲೋ ಒತ್ತು ಹಾರುತ್ತದೆ, ಎಲ್ಲೋ ಅರ್ಕಾವತ್ತು ಜಾಗ ಬಿಡುತ್ತದೆ. ಇಂಗ್ಲಿಷ್ ಅಕ್ಷರ ಇದ್ದರಂತೂ ಅರ್ಥವಿಲ್ಲದ ಸೊನ್ನೆ, ಕೊಂಬುಗಳ ಸಾಲಾಗುತ್ತದೆ. ಹೊಸ ಸಾಫ್ಟ್‌ವೇರಿಗೆ ದುಡ್ಡು ಕೇಳಿ ಕೇಳಿ ಸಾಕಾಗಿದೆ. ಹತ್ತನೇ ಅಧ್ಯಾಯದಲ್ಲಿ ಮೇಡಂ ಪ್ರತಿಯೊಂದು ಮಾತಿನ ಮೊದಲು ಹೊತ್ತು, ಅಂದರೆ ಗಂಟೆ ನಿಮಿಷ, ಹಾಕಿದ್ದರು. ಜೊತೆಗೆ ಭಾರತೀಯ ಕಾಲಮಾನ ಅನ್ನಲು ಐಎಸ್‌ಟಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಅದು ಕೆಟ್ಟಿತು. ಡಿಟಿಪಿ ಹುಡುಗಿ ಕಸ ಅಂದುಕೊಂಡು ಅದನ್ನು ತೆಗೆಯುವಾಗ ಪಕ್ಕದ ಹೊತ್ತೂ ಹೋಯಿತು. ಅವಳನ್ನು ನಾನು ಬೈಯಲಾರೆ. ದಿನಕ್ಕೆ 40 ಪುಟ ಮುಗಿಸು ಅಂದವರು ನಾವೇ.

ಮೊದಲ ಪ್ರೂಫಿನಲ್ಲಿ ನನಗದು ಕಾಣಲಿಲ್ಲ. ಎರಡನೇ ಪ್ರೂಫನ್ನು ಮೇಡಂಗೆ ಕಳಿಸಬೇಕಿತ್ತು. ದಿನ ಕಡಿಮೆ ಇದೆ ಅಂತ ಮೊದಲ ಏಳು ಅಧ್ಯಾಯ ಮಾತ್ರ ಕಳಿಸಿದೆವು. ಮೂರನೆಯದನ್ನು ನಾನು ಒಬ್ಬನೇ ಓದಿದೆ. ರಾತ್ರಿ ಹನ್ನೊಂದು ದಾಟಿತ್ತು. ಮೂಲಪ್ರತಿ ಪಕ್ಕದಲ್ಲಿ ಇರಲಿಲ್ಲ. ಅದು ಬೀರುವಿನಲ್ಲಿತ್ತು. ಬೀರು ನನ್ನ ಕುರ್ಚಿಯಿಂದ ನಾಲ್ಕು ಹೆಜ್ಜೆ.

131ನೇ ಪುಟದಲ್ಲಿ ಅಕ್ಕ ತಮ್ಮನಿಗೆ ಹೇಳುತ್ತಾಳೆ: "ಅಮ್ಮ ಹೋಗಿಬಿಟ್ಟಳು ಕಣೋ." ಮುಂದಿನ ಸಾಲಿನಲ್ಲಿ ತಮ್ಮ ಕೇಳುತ್ತಾನೆ: "ಅಮ್ಮ ಊಟ ಮಾಡಿದ್ಲಾ ಅಕ್ಕ? ಈ ಸಲ ಹಲಸಿನ ಹಪ್ಪಳ ಹಾಕಿದ್ಲಾ ಕೇಳು." ಆಮೇಲೆ ಶಿಬಿರದ ಧೂಳಿನ ಬಗ್ಗೆ ಹೇಳುತ್ತಾನೆ. ಕಾಲುನೋವಿನ ಬಗ್ಗೆ ಹೇಳುತ್ತಾನೆ. ಅಮ್ಮನಿಗೆ ಹೊಸ ಕನ್ನಡಕ ಕೊಡಿಸು ಅನ್ನುತ್ತಾನೆ. ಎರಡು ಪುಟ ಆದ ಮೇಲೆ "ಯಾವಾಗ?" ಎಂದು ಕೇಳುತ್ತಾನೆ.

ಸಾಲು ಅದಲುಬದಲಾಗಿದೆ ಅಂದುಕೊಂಡೆ. ಕನ್ವರ್ಷನ್ನಿನಲ್ಲಿ ಹೀಗೆ ಆಗುವುದುಂಟು, ಅಲ್ವಾ? ಕೆಂಪು ಪೆನ್ನು ತೆಗೆದುಕೊಂಡು ಬಾಣ ಹಾಕುತ್ತಾ ಹೋದೆ. ಊಟ, ಹಪ್ಪಳ, ಕನ್ನಡಕ ಎಲ್ಲ ಮೇಲಕ್ಕೆ ಹೋದವು. ಸಾವಿನ ಸುದ್ದಿ ಅವುಗಳ ಕೆಳಗೆ ಬಂತು. ಸುದ್ದಿಯ ಹಿಂದೆಯೇ "ಯಾವಾಗ?" ಬಂತು. ಪ್ರಶ್ನೆಗೆ ಉತ್ತರ ಸರಿಯಾಗಿ ಕೂತಿತು. ಮತ್ತೊಮ್ಮೆ ಓದಿದೆ. ನೀರು ಹರಿದ ಹಾಗೆ ಇತ್ತು. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಮನೆಗೆ ಹೋಗಿ ಮಲಗಿದೆ.

ನಾಲ್ಕು ದಿನದ ಮೇಲೆ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿದ್ದೆ. ಹಿಂದಿನ ದಿನವೇ ಎಂಟು ಫಾರಂ ಮುಗಿದಿದ್ದವು. ಒಂಬತ್ತನೆಯದರ ಒಂದು ಬದಿ ಓಡುತ್ತಿತ್ತು. ಮೊದಲ ಪುಸ್ತಕ ಮೆಷಿನ್ನಿಗೆ ಹೋದ ಖುಷಿ ಮೇಡಂಗೂ ಸಿಗಲಿ ಅಂತ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿದ್ದೆ. ಹನ್ನೊಂದೂ ಕಾಲಿಗೆ ಅವರ ಫೋನ್ ಬಂತು.

"ಸರ್, 131ನೇ ಪುಟ ಯಾರಾದ್ರೂ ಮುಟ್ಟಿದ್ರಾ?"

ಮೆಷಿನ್ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಹೊರಗೆ ಬಂದೆ. ಹೆಮ್ಮೆಯಿಂದಲೇ ಹೇಳಿದೆ: "ಹೌದು ಮೇಡಂ, ಸಾಲುಗಳೆಲ್ಲ ಹಿಂದುಮುಂದಾಗಿದ್ವು. ನಾನೇ ಕೂತು ಸರಿ ಮಾಡಿದೆ."

ಅವರು ಕೂಡಲೇ ಮಾತಾಡಲಿಲ್ಲ. ಲೈನ್ ಕಟ್ ಆಯಿತೇನೋ ಅಂತ ಫೋನ್ ನೋಡಿದೆ. ಆಗಿರಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು.

"ಸರ್, ನಮ್ಮ ಕಥೆ ನಡೆಯೋ ದಿನ ಮಂಗಳ 22 ಕೋಟಿ ಕಿಲೋಮೀಟರ್ ಚಿಲ್ಲರೆ ದೂರದಲ್ಲಿದೆ. ರೇಡಿಯೋ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಹೋದ್ರೂ ಹನ್ನೆರಡು ನಿಮಿಷ ಬೇಕು. ಅಕ್ಕ 10.05ಕ್ಕೆ ಹೇಳಿದ್ದು ಅವನಿಗೆ ಕೇಳೋದು 10.17ಕ್ಕೆ. ಅವನ ಉತ್ತರ ಇವಳಿಗೆ ಬರೋದು 10.29ಕ್ಕೆ. ಆ 24 ನಿಮಿಷ ಇವಳಿಗೆ ಕೇಳಿಸೋದೆಲ್ಲ ಅವನಿಗೆ ಗೊತ್ತಾಗೋ ಮೊದಲಿನ ಮಾತು ಸರ್. ಅವನ ಪಾಲಿಗೆ ಅಮ್ಮ ಇನ್ನೂ ಬದುಕಿದ್ದಾಳೆ. ಇವಳು ಅದನ್ನ ಕೇಳ್ತಾ ಕೂತಿರ್ತಾಳೆ. ಇಡೀ ಪುಸ್ತಕ ಬರೆದಿದ್ದು ಆ ಎರಡು ಪುಟಕ್ಕೋಸ್ಕರ."

ನನಗೆ ಏನು ಹೇಳಬೇಕೋ ತೋಚಲಿಲ್ಲ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಕಕ್ಷೆ ಸೇರಿದ್ದನ್ನು ಟಿವಿಯಲ್ಲಿ ನೋಡಿದ್ದೆ. ಅಲ್ಲಿ ಆದದ್ದು ಇಲ್ಲಿ ತಿಳಿಯಲು ಹನ್ನೆರಡು ನಿಮಿಷ ಬೇಕು ಎಂದು ಅವತ್ತು ಹೇಳಿದ್ದನ್ನೂ ಕೇಳಿದ್ದೆ. ವಿಜ್ಞಾನಿಗಳು ಉಸಿರು ಬಿಗಿಹಿಡಿದು ಕಾಯುತ್ತಿದ್ದ ಮುಖಗಳು ಈಗಲೂ ನೆನಪಿವೆ. ಅದೆಲ್ಲ ತಲೆಯಲ್ಲಿದ್ದೂ ಪ್ರೂಫಿನ ಮುಂದೆ ಕೂತಾಗ ನನಗೆ ಕಂಡದ್ದು ಪ್ರಶ್ನೆ ಮತ್ತು ಉತ್ತರ ಮಾತ್ರ. ಮಾತು ದೂರ ಸಾಗಿ ಬರುತ್ತದೆ ಅನ್ನುವುದು ಹೊಳೆಯಲೇ ಇಲ್ಲ.

ಒಳಗೆ ಓಡಿ ಮೆಷಿನ್ ನಿಲ್ಲಿಸಿ ಅಂದೆ. ಆರುನೂರು ಶೀಟು ಹೊರಬಂದಿತ್ತು. ಅಧ್ಯಾಯ ಶುರುವಾಗುವುದು 130ರಲ್ಲಿ, ಮುಗಿಯುವುದು 139ರಲ್ಲಿ. ಅಂದರೆ ಎಲ್ಲ ಒಂಬತ್ತನೇ ಫಾರಂ ಒಳಗೇ ಇತ್ತು. ಬೇರೆ ಫಾರಂಗೆ ಹರಡಿದ್ದರೆ ನಾನು ಏನು ಮಾಡುತ್ತಿದ್ದೆನೋ. 139ರಲ್ಲಿ ಅರ್ಧ ಪುಟ ಖಾಲಿ ಇತ್ತು, ಹಾಗಾಗಿ ಹೊತ್ತುಗಳನ್ನು ಮತ್ತೆ ಸೇರಿಸಿದರೂ ಪುಟ ಜಾರಲಿಲ್ಲ. ಯಜಮಾನರಿಗೆ ಫೋನ್ ಮಾಡಿದೆ. ಪ್ಲೇಟು, ಕಾಗದ, ಮೆಷಿನ್ ಬಾಡಿಗೆ ಯಾರ ತಲೆಗೆ ಎಂದು ಕೇಳಿದರು. ನನ್ನ ತಲೆಗೆ ಅಂದೆ. ಎರಡು ತಿಂಗಳ ಸಂಬಳದಲ್ಲಿ ಹಿಡಿದರು. ಅದರ ಬಗ್ಗೆ ನನಗೆ ದೂರಿಲ್ಲ. ಆದರೆ ಎರಡನೇ ಕಣ್ಣಿನ ಓದಿಗೆ ಕೊಡಬೇಕಾದ ದುಡ್ಡನ್ನು ಉಳಿಸಿದ್ದು ಅವರು. ಆ ಮಾತನ್ನು ಅವತ್ತೂ ಹೇಳಿದೆ, ಈಗಲೂ ಹೇಳುತ್ತೇನೆ.

ಅವತ್ತಿನಿಂದ ಎರಡು ಪದ್ಧತಿ ಮಾಡಿಕೊಂಡಿದ್ದೇನೆ. ಮಾತಿನ ಸಾಲನ್ನು ಜಾಗ ಬದಲಿಸಬೇಕು ಅನ್ನಿಸಿದರೆ ಬರೆದವರಿಗೆ ಫೋನ್ ಮಾಡದೆ ಬದಲಿಸುವುದಿಲ್ಲ, ರಾತ್ರಿ ಹನ್ನೊಂದಾದರೂ ಸರಿ. ಇನ್ನೊಂದು, ವೈಜ್ಞಾನಿಕ ಕಾದಂಬರಿ ಬಂದರೆ ಮೊದಲೇ ಲೇಖಕರಿಂದ ಒಂದು ಹಾಳೆ ಬರೆಸಿಕೊಳ್ಳುತ್ತೇನೆ. ತಪ್ಪಿನ ಹಾಗೆ ಕಾಣುವ, ಆದರೆ ತಪ್ಪಲ್ಲದ ಜಾಗಗಳೆಲ್ಲ ಅದರಲ್ಲಿರಬೇಕು. ಮೊದಲ ಪುಸ್ತಕ ಬರೆಯುವವರು ಇದನ್ನು ನಾವು ಕೇಳುವ ಮೊದಲೇ ಕೊಟ್ಟರೆ ಇನ್ನೂ ಒಳ್ಳೆಯದು. ಸಂಕೋಚ ಬೇಡ. ನಿಮ್ಮ ಲೋಕದ ನಿಯಮ ನಿಮಗೆ ಗೊತ್ತು, ನಮಗೆ ಗೊತ್ತಿರುವುದು ಕಾಗುಣಿತ.

ಹೊಸ ಪ್ಲೇಟು ಬರುವಷ್ಟರಲ್ಲಿ ನಾಲ್ಕು ಗಂಟೆ. ಬೀರುವಿನಿಂದ ಮೂಲಪ್ರತಿ ತರಿಸಿ, ಮೇಡಂನ ಫೋನಿನಲ್ಲಿ ಇಟ್ಟುಕೊಂಡು, ಒಂದೊಂದು ಸಾಲೂ ಓದಿ ಹೊಂದಿಸಿದ್ದೆವು. ಓದುವಾಗ ಹಪ್ಪಳದ ಸಾಲಿನಲ್ಲಿ ನನ್ನ ದನಿ ಕಟ್ಟಿತು. "ಇರಲಿ ಸರ್, ನಿಧಾನಕ್ಕೆ ಓದಿ" ಅಂದರು.

ಮೊದಲ ಶೀಟು ಹೊರಬಂದಾಗ ಮೆಷಿನ್‌ಮನ್ ಅದನ್ನು ಬೆಳಕಿಗೆ ಹಿಡಿದು ಇಂಕು ನೋಡಿದರು. ಆಮೇಲೆ ಸುಮ್ನೆ ಓದತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

"ಸಾರ್, ಅಮ್ಮ ಹೋದ್ಲು ಅಂತ ಇವ್ಳು ಹೇಳಿದ್ಮೇಲೂ ಅವ್ನು ಊಟದ ವಿಷ್ಯ ಕೇಳ್ತಾವ್ನೆ. ಸಾಲು ತಪ್ಪಿಲ್ಲ ತಾನೇ?"

"ತಪ್ಪಿಲ್ಲ. ಪಕ್ಕದಲ್ಲಿರೋ ಟೈಮ್ ನೋಡಿ."

ಅವರು ಮತ್ತೆ ಮೊದಲಿಂದ ಓದಿದರು. ಬೆರಳು ಒಂದೊಂದೇ ಹೊತ್ತಿನ ಮೇಲೆ ನಿಂತು ಮುಂದೆ ಹೋಗುತ್ತಿತ್ತು. 10.29ರ ಹತ್ತಿರ ಬಂದಾಗ ಶೀಟನ್ನು ಮೆಲ್ಲಗೆ ಕೆಳಗಿಟ್ಟರು. ಏನೂ ಹೇಳದೆ ಹೋಗಿ ಮೆಷಿನ್ ಶುರು ಮಾಡಿದರು.