ಗೊಂಬೆ ಪಾರ್ಕಿನ ಬಲೂನ್ ಮೆರವಣಿಗೆ: ಆನೆ ನೆಲಕ್ಕಿಳಿದ ವಾರ

ದಸರಾ ಗೊಂಬೆ ಹಬ್ಬಕ್ಕೆ ಇನ್ನು ಐದು ವಾರ

ಈ ಸಲ ಗೊಂಬೆ ಮೆಟ್ಟಿಲ ಪಕ್ಕದ ಪಾರ್ಕಿಗೆ ಮೃಗಾಲಯವೂ ಬೇಡ, ಮದುವೆ ದಿಬ್ಬಣವೂ ಬೇಡ ಅಂತ ಮೊದಲೇ ನಿಶ್ಚಯ ಮಾಡಿದ್ದೆ. ನ್ಯೂಜೆರ್ಸಿಗೆ ಬಂದ ವರ್ಷದಿಂದ ನವೆಂಬರಿನ ನಾಲ್ಕನೇ ಗುರುವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ ಎನ್‌ಬಿಸಿ ಟಿವಿಯಲ್ಲಿ ನೋಡುವ ಮೇಸೀಸ್ ಥ್ಯಾಂಕ್ಸ್‌ಗಿವಿಂಗ್ ಪರೇಡೇ, ಅಂದರೆ ನ್ಯೂಯಾರ್ಕಿನ ಮೇಸೀಸ್ ಅಂಗಡಿಯವರು ನಡೆಸುವ ದೊಡ್ಡ ಬಲೂನುಗಳ ಮೆರವಣಿಗೆಯೇ, ಕೂರಬೇಕು. ಪಾರ್ಕಂತೂ ಮನಸ್ಸಿನಲ್ಲಿ ಸಿದ್ಧ: ಹಬ್ಬದ ಹೊತ್ತಿಗೆ ಬೆಳೆಸುವ ರಾಗಿ ಪೈರೇ ಸೆಂಟ್ರಲ್ ಪಾರ್ಕ್. ಅದರ ಮಗ್ಗುಲಿಗೆ 77ನೇ ಬೀದಿಯಿಂದ ಹೊರಟು, ಕೊಲಂಬಸ್ ಸರ್ಕಲ್‌ನಲ್ಲಿ ತಿರುಗಿ, ಆರನೇ ಅವೆನ್ಯೂ ಹಿಡಿದು 34ನೇ ಬೀದಿಯ ಮೇಸೀಸ್ ಅಂಗಡಿ ಮುಂದೆ ಮುಗಿಯುವ ದಾರಿ. ಅಲ್ಲಿ ಎರಡೂವರೆ ಮೈಲಿ, ನನ್ನ ಹತ್ತಿರ ಐದು ಅಡಿ ಪ್ಲೈವುಡ್. ಗೊಂಬೆ, ಬಲೂನು ಎಲ್ಲ 1:40, ಅಂದರೆ ಅಸಲಿಯ ನಲವತ್ತರಲ್ಲಿ ಒಂದು ಪಾಲು. ರಸ್ತೆ ಮಾತ್ರ ಯಾವ ಅಳತೆಗೂ ಸಿಕ್ಕಿಲ್ಲ.

ನಾಲ್ಕು ವಾರ

ತೇರುಗಳು, ಅಂದರೆ ಫ್ಲೋಟ್‌ಗಳು, ಅಂದುಕೊಂಡದ್ದಕ್ಕಿಂತ ಮಜಾ ಕೊಟ್ಟವು. ಅಸಲಿ ಫ್ಲೋಟ್‌ಗಳು ತಯಾರಾಗುವುದು ನಮ್ಮದೇ ರಾಜ್ಯದ ಮೂನಾಕಿಯಲ್ಲಿ. ಮ್ಯಾನ್‌ಹ್ಯಾಟನ್‌ಗೆ ಲಿಂಕನ್ ಸುರಂಗದೊಳಗೇ ಹೋಗಬೇಕಾದ್ದರಿಂದ ಎಷ್ಟೇ ಎತ್ತರದ್ದಾದರೂ ಮಡಚಿದಾಗ ಹನ್ನೆರಡೂವರೆ ಅಡಿ ಎತ್ತರ, ಎಂಟು ಅಡಿ ಅಗಲಕ್ಕೆ ಕುಗ್ಗಲೇಬೇಕು. ನನ್ನ ಅಳತೆಗೆ ಅದು ಒಂಬತ್ತೂವರೆ ಸೆಂ.ಮೀ. ಎತ್ತರ, ಆರು ಸೆಂ.ಮೀ. ಅಗಲ. ಅಷ್ಟಕ್ಕೆ ರಟ್ಟಿನಲ್ಲಿ ಒಂದು ಕಿಂಡಿ ಕೊರೆದೆ. ಪ್ರತಿ ಫ್ಲೋಟೂ ಮಡಚಿಕೊಂಡು ಅದರೊಳಗೆ ನುಸುಳಿದರೆ ಮಾತ್ರ ಪಾಸು. ಮೊದಲನೆಯದರ ಗೋಪುರ ಸಿಕ್ಕಿಹಾಕಿಕೊಂಡಿತು. ಬಟ್ಟೆಯ ಪಟ್ಟಿ ಅಂಟಿಸಿ ಕೀಲು ಮಾಡಿದ ಮೇಲೆ ಸಲೀಸಾಗಿ ಹೋಯಿತು. ಹಬ್ಬ ಮುಗಿದ ಮೇಲೆ ಪೆಟ್ಟಿಗೆಗೆ ತುಂಬುವುದೂ ಸುಲಭ.

ಮೂರು ವಾರ

ಇನ್ನು ನನ್ನ ಮೆರವಣಿಗೆಯ ಬಲೂನು, ಆನೆ. 1924ರ ಮೊದಲ ಮೆರವಣಿಗೆಯಲ್ಲಿ ಸೆಂಟ್ರಲ್ ಪಾರ್ಕ್ ಮೃಗಾಲಯದ ನಿಜವಾದ ಪ್ರಾಣಿಗಳೇ ನಡೆದಿದ್ದವು. ದೊಡ್ಡ ಬಲೂನುಗಳು ಬಂದದ್ದು 1927ರಲ್ಲಿ. ಅವನ್ನು ರೂಪಿಸಿದ ಟೋನಿ ಸಾರ್ಗ್ ಸೂತ್ರದ ಗೊಂಬೆಯಾಟದವನು. ಗೊಂಬೆಯನ್ನು ಮೇಲಕ್ಕೆ ಹಾರಿಬಿಟ್ಟು ಸೂತ್ರವನ್ನು ಕೆಳಗಿನಿಂದ ಹಿಡಿಯುವುದು ಅವನ ಉಪಾಯ. ಗೊಂಬೆ ಹಬ್ಬಕ್ಕೆ ಇದಕ್ಕಿಂತ ಹತ್ತಿರದ ನೆಂಟಸ್ತನ ಇನ್ನೆಲ್ಲಿ ಸಿಗುತ್ತದೆ? ಹಾಗಾಗಿ ನನ್ನ ಆನೆಯೂ ಹೀಲಿಯಂನಲ್ಲೇ ಹಾರಬೇಕು ಅಂತ ಹಟ ಹಿಡಿದೆ.

ಹಾರಲಿಲ್ಲ. 30 ಸೆಂ.ಮೀ.ನ ಗುಂಡು ಫಾಯಿಲ್ ಬಲೂನಿಗೆ ಸುಮಾರು 14 ಲೀಟರ್ ಹಿಡಿಯುತ್ತದೆ. ಒಂದು ಲೀಟರ್ ಹೀಲಿಯಂ ಎತ್ತುವುದು ಹೆಚ್ಚುಕಮ್ಮಿ ಒಂದು ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ಖಾಲಿ ಚೀಲವೇ 10 ಗ್ರಾಂ ತೂಗಿತು. ಸೊಂಡಿಲು, ಕಿವಿ, ಬಣ್ಣ ಸೇರಿ ಇನ್ನೊಂದು 9. ಅಳತೆ ಎರಡು ಪಟ್ಟು ಮಾಡಿದರೆ ಚೀಲದ ಮೈ ನಾಲ್ಕು ಪಟ್ಟಾಗುತ್ತದೆ, ಒಳಗಿನ ಹೀಲಿಯಂ ಎಂಟು ಪಟ್ಟು. ಹಾಗಾಗಿಯೇ ಮನೆಯೆತ್ತರದ ಬಲೂನು ಹತ್ತಾರು ಜನರನ್ನು ಎಳೆದಾಡುತ್ತದೆ, ನನ್ನದು ಚಾಪೆಯ ಮೇಲೆ ಮಗುಚಿಕೊಂಡು ಮಲಗುತ್ತದೆ. ಬಣ್ಣ ಕೆರೆದು, ಕಿವಿಯನ್ನು ಟಿಶ್ಯೂ ಕಾಗದದಲ್ಲಿ ಮಾಡಿ ನೋಡಿದೆ. ಒಂದು ಸಂಜೆ ಎದ್ದಿತು, ಬೆಳಿಗ್ಗೆಗೆ ಮತ್ತೆ ನೆಲ. ಒಂಬತ್ತು ದಿನ ಯಾರು ಹೀಲಿಯಂ ತುಂಬುತ್ತಾ ಕೂರುತ್ತಾರೆ?

ಅಮ್ಮ ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ ನೋಡಿದರು. “ಅಲ್ವೇ, ಜಂಬೂಸವಾರಿ ಆನೆ 750 ಕೆ.ಜಿ. ಅಂಬಾರಿ ಹೊರುತ್ತೆ. ನಿನ್ನ ಆನೆಗೆ ಅದರ ಕಿವೀನೇ ಭಾರ ಆಯ್ತೇನೇ?”

ಎರಡು ವಾರ

ದಾರಿ ತೋರಿಸಿದ್ದು 1958. ಆ ವರ್ಷ ಹೀಲಿಯಂ ಕೊರತೆ ಬಂದು, ಬಲೂನುಗಳಿಗೆ ಬರೀ ಗಾಳಿ ತುಂಬಿಸಿ, ಕಟ್ಟಡ ಕಟ್ಟುವ ಕ್ರೇನುಗಳಿಗೆ ನೇತುಹಾಕಿ ಮೆರವಣಿಗೆ ನಡೆಸಿದರು. ಸರಿ, ನನ್ನದೂ ಅದೇ ವರ್ಷದ ಪರೇಡ್! ಮಗನ ಹಳೆಯ ಮೆಕ್ಯಾನೊದಲ್ಲಿ, ಅಂದರೆ ಪಟ್ಟಿ, ನಟ್ಟು, ಬೋಲ್ಟು ಜೋಡಿಸುವ ಆಟಿಕೆಯಲ್ಲಿ, ಕ್ರೇನು ಮಾಡಿಕೊಂಡೆ. ಆನೆ ಈಗ ನೈಲಾನ್ ದಾರದಲ್ಲಿ ತೂಗುತ್ತಿದೆ. ಕೆಳಗೆ ಹಗ್ಗ ಹಿಡಿದು 12 ಚನ್ನಪಟ್ಟಣದ ಗೊಂಬೆಗಳು ನಿಂತಿವೆ. ಹಗ್ಗಕ್ಕೆ ಬಿಗುವೇ ಇಲ್ಲ, ಅವು ಸುಮ್ಮನೆ ಶೋಕಿಗೆ. ಈಗಿನ ದೊಡ್ಡ ಬಲೂನಿಗೆ 90 ಜನ ಬೇಕಾಗಬಹುದು, ಅಷ್ಟು ಗೊಂಬೆ ನನ್ನಲ್ಲಿಲ್ಲ.

ಹಾಡು, ಕುಣಿತದವರನ್ನೆಲ್ಲ 34ನೇ ಬೀದಿಯ ಕೊನೆಗೇ ಗುಂಪಾಗಿ ಇಟ್ಟೆ. ಟಿವಿಯಲ್ಲಿ ಕಾಣುವ ಪೂರ್ತಿ ಕುಣಿತ ನಡೆಯುವುದು ಅಲ್ಲೇ, ಅಂಗಡಿ ಮುಂದೆ. ದಾರಿಯುದ್ದಕ್ಕೂ ಚಳಿಯಲ್ಲಿ ನಿಂತವರಿಗೆ ಕೈ ಬೀಸುತ್ತಾ ದಾಟಿಹೋಗುವವರಷ್ಟೇ ಸಿಗುತ್ತಾರೆ. ನನಗಿದು ಅನ್ಯಾಯ ಅನ್ನಿಸುತ್ತದೆ. ಆದರೂ ಅರಿಶಿನ ಕುಂಕುಮಕ್ಕೆ ಬರುವವರು ಕೂರುವ ಸೋಫಾ ಆ ಕಡೆಗೇ ಇದೆಯಲ್ಲ.

ಹತ್ತು ದಿನ

ನಿನ್ನೆ ಟೇಬಲ್ ಫ್ಯಾನ್ ಎರಡರಲ್ಲಿಟ್ಟೆ. ಆನೆ ಗಿರ್ರನೆ ತಿರುಗಿ ಬೀದಿ ದೀಪದ ಕಂಬ ಬೀಳಿಸಿತು. 1997ರಲ್ಲಿ ಜೋರು ಗಾಳಿಗೆ ಒಂದು ಬಲೂನು ಕಂಬಕ್ಕೆ ಬಡಿದು ಜನ ಗಾಯಗೊಂಡ ಮೇಲೆ, ಬಲೂನುಗಳ ಗಾತ್ರಕ್ಕೆ ಮಿತಿ ಬಂತು. ಗಾಳಿ ಗಂಟೆಗೆ 23 ಮೈಲಿ ಮೀರಿ ಬೀಸುತ್ತಿದ್ದರೆ ಅವನ್ನು ಹಾರಿಸುವುದಿಲ್ಲ. ನಮ್ಮನೆ ನಿಯಮ ಇನ್ನೂ ಬಿಗಿ: ಒಂಬತ್ತು ದಿನವೂ ಆ ಕೋಣೆಯಲ್ಲಿ ಫ್ಯಾನ್ ಬಂದ್.

ಬಾಕಿ ಇರುವುದು ಇಷ್ಟು: ಕಂಬ ಅಂಟಿಸಬೇಕು, ಎರಡನೇ ಫ್ಲೋಟಿಗೆ ಕೀಲು ಹಾಕಬೇಕು, ಮೇಸೀಸ್ ಅಂಗಡಿಯ ಕಿಟಕಿಗಳಿಗೆ ಬಣ್ಣ. ರಾಗಿ ಇವತ್ತು ರಾತ್ರಿ ನೆನೆಹಾಕುತ್ತೇನೆ.