ಕಾಲು ಗಂಟೆಯಲ್ಲಿ ಸರಿಹೋದ ಮಾತು

ಕಳೆದ ಬೇಸಿಗೆಯಲ್ಲಿ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಪ್ರಾಯ 78 ದಾಟಿದರೂ ಅವರು ಬೆಳಗ್ಗಿನಿಂದ ಜಗಲಿಯಲ್ಲಿ ಕುಳಿತು ಚಾಲಿ, ಅಂದರೆ ಒಣಗಿದ ಅಡಿಕೆ, ಸುಲಿಯುತ್ತಿದ್ದರು. ಊಟಕ್ಕೆ ಕರೆದಾಗ ಎದ್ದವರು ಹಾಗೇ ಕಂಬ ಹಿಡಿದು ನಿಂತರು. ಬಲಗೈಯಲ್ಲಿದ್ದ ಅಡಿಕೆ ಉದುರಿತು. ಏನೋ ಹೇಳಹೊರಟರು, ನಾಲಿಗೆ ಹೊರಳಲಿಲ್ಲ. ಬಾಯಿ ಒಂದು ಬದಿಗೆ ತುಸು ವಾಲಿತ್ತು.

"ಬಿಸಿಲಿಗೆ ಪಿತ್ತ ಏರಿದ್ದು. ಒಂದು ಬೊಂಡ (ಎಳನೀರು) ಕೆತ್ತಿ ಕೊಡು" ಎಂದರು ದೊಡ್ಡಮ್ಮ. ನಾನು ಬಿಡಲಿಲ್ಲ. ಮಾತು ತೊದಲುವಾಗ ನುಂಗುವುದೂ ಕಷ್ಟ, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಚಾಪೆ ಹಾಸಿ ಮಲಗಿಸಿ ಗಡಿಯಾರ ನೋಡಿಕೊಂಡೆ.

ಕಾಲು ಗಂಟೆಯೊಳಗೆ ಮಾತು ಸರಿಯಾಯಿತು. "ಎಂತದೂ ಇಲ್ಲ, ಬಡಿಸಿ" ಎಂದರು. ಮನೆಯವರಿಗೆಲ್ಲ ಸಮಾಧಾನ. ನನಗೆ ಹೆದರಿಕೆ ಜಾಸ್ತಿಯಾದದ್ದೇ ಆಗ. ಮೆದುಳಿಗೆ ಸ್ವಲ್ಪ ಹೊತ್ತು ರಕ್ತ ಸಾಲದೆ ಹೀಗೆ ಬಂದು ಹೋಗುವುದಕ್ಕೆ ಡಾಕ್ಟರುಗಳು ಟಿಐಎ ಅನ್ನುತ್ತಾರೆ. ಇದರ ಬೆನ್ನಿಗೆ ದೊಡ್ಡ ಪಕ್ಷವಾತ ಬರುವ ಅಪಾಯ ಮೊದಲ ಎರಡು ದಿನಗಳಲ್ಲೇ ಎಲ್ಲಕ್ಕಿಂತ ಹೆಚ್ಚು. ಮಂಗಳೂರಿಗೆ ಹೊರಡಲು ಭಾವ ಕಾರು ತೆಗೆದರು.

ಕುಂಬಳೆಯಲ್ಲಿ ಹೈವೇ ಸೇರಿ ಉಪ್ಪಳಕ್ಕೆ ಬರುವಾಗ ಬ್ಲಾಕ್. ಮೆದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಲಕ್ಷಣ ಶುರುವಾದಲ್ಲಿಂದ ನಾಲ್ಕೂವರೆ ಗಂಟೆಯ ಅವಧಿ. ದಾರಿಯಲ್ಲಿ ಮತ್ತೆ ಮಾತು ನಿಂತರೆ ಎಂದು ನಾನು ಅವರನ್ನು ಸುಮ್ನೆ ಮಾತಾಡಿಸುತ್ತಲೇ ಇದ್ದೆ. ನಮ್ಮ ಊರಿನವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ. 2020ರ ಕೊರೊನಾ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆಸ್ಪತ್ರೆ ಮುಟ್ಟಲಾಗದೆ ನಮ್ಮವರು ಜೀವ ಬಿಟ್ಟದ್ದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಸ್ಕ್ಯಾನಿನಲ್ಲಿ ಮೆದುಳಿಗೆ ಹಾನಿ ಕಾಣಲಿಲ್ಲ. ಕುತ್ತಿಗೆಯ ಎಡಗಡೆಯ ರಕ್ತನಾಳ ಸ್ವಲ್ಪ ಕಿರಿದಾಗಿತ್ತು, ಆಪರೇಷನ್ ಬೇಕಾಗುವಷ್ಟಲ್ಲ. ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಚೆನ್ನಾಗಿಯೇ ಇಳಿಯಿತು. "ಅಜ್ಜರೇ, ಬೆಳಗ್ಗಿನಿಂದ ಎಷ್ಟು ನೀರು ಕುಡಿದಿರಿ?" ಎಂದು ಕೇಳಿದರು. ಒಂದು ಲೋಟ ಕಾಫಿ, ಬಿಪಿ ಮಾತ್ರೆ ನುಂಗಲು ಎರಡು ಗುಟುಕು ನೀರು. ಅಷ್ಟೇ.

ಆಮೇಲೆ ಡಾಕ್ಟರು ಹೇಳಿದ್ದನ್ನು ಎಲ್ಲರಿಗೂ ಹೇಳಬೇಕು ಅನಿಸುತ್ತದೆ. ಮೆದುಳಿನ ತೂಕ ದೇಹದ ನೂರರಲ್ಲಿ ಎರಡು ಪಾಲು. ಆದರೆ ಅದಕ್ಕೆ ನಿಮಿಷಕ್ಕೆ ಹತ್ತಿರಹತ್ತಿರ ಮುಕ್ಕಾಲು ಲೀಟರ್ ರಕ್ತ ಬೇಕು. ಆಮ್ಲಜನಕವನ್ನು ಕೂಡಿಟ್ಟುಕೊಳ್ಳಲು ಅದಕ್ಕೆ ಬರುವುದಿಲ್ಲ. ಎಳೆ ಪ್ರಾಯದಲ್ಲಿ ಎದ್ದು ನಿಂತ ಕೂಡಲೇ ಹೃದಯ ಜೋರಾಗಿ ಬಡಿದು, ರಕ್ತನಾಳ ಬಿಗಿದು, ಇಳಿದ ಬಿಪಿ ಮೇಲೆ ಬರುತ್ತದೆ. ಪ್ರಾಯವಾದಂತೆ ಈ ಚುರುಕು ಕಡಿಮೆ. ನಾಳಗಳೂ ಗಡುಸಾಗುತ್ತವೆ. ಇನ್ನೊಂದು ವಿಷಯ ನನಗೆ ಹೊಸದು. ಒಂದು ನಾಳ ಕಟ್ಟಿಕೊಂಡರೆ ಪಕ್ಕದ ಸಣ್ಣ ನಾಳಗಳು ರಕ್ತ ತಲುಪಿಸುತ್ತವೆ, ಹೈವೇ ಬ್ಲಾಕ್ ಆದಾಗ ನಾವು ಒಳದಾರಿ ಹಿಡಿಯುವ ಹಾಗೆ. ವಯಸ್ಸಾದವರಲ್ಲಿ ಆ ನಾಳಗಳೇ ಕಮ್ಮಿಯಾಗುತ್ತವೆ, ಸಪೂರವಾಗುತ್ತವೆ. ಹಾಗಾಗಿ ಅದೇ ಅಡಚಣೆಗೆ ಮುದಿ ಮೆದುಳಿನ ಜೀವಕೋಶಗಳು ಬೇಗ ಸಾಯುತ್ತವೆ. 55 ದಾಟಿದ ಮೇಲೆ ಹತ್ತು ವರ್ಷಕ್ಕೊಮ್ಮೆ ಪಕ್ಷವಾತದ ಅಪಾಯ ಸುಮಾರು ಇಮ್ಮಡಿಯಾಗುವುದು ಸುಮ್ಮನೆ ಅಲ್ಲ.

ದೊಡ್ಡಪ್ಪನ ವಿಷಯದಲ್ಲಿ ಕಿರಿದಾದ ನಾಳದಿಂದ ಹೆಪ್ಪಿನ ಚೂರು ಎದ್ದಿರಬಹುದು, ಅದೇ ಹೊತ್ತಿಗೆ ಬಿಪಿಯೂ ಇಳಿದಿರಬಹುದು ಎಂದರು. ಬಿಪಿ ಮಾತ್ರೆ ಬದಲಾಯಿಸಿ, ರಕ್ತ ಹೆಪ್ಪುಗಟ್ಟದಂತೆ ಒಂದು, ಕೊಲೆಸ್ಟ್ರಾಲಿಗೆ ಒಂದು ಮಾತ್ರೆ ಬರೆದರು.

ಈಗ ದೊಡ್ಡಮ್ಮ ಜಗಲಿಯಲ್ಲಿ ನೀರಿನ ತಂಬಿಗೆ ಇಡುತ್ತಾರೆ. ದೊಡ್ಡಪ್ಪ ಏಳುವ ಮೊದಲು ಸ್ವಲ್ಪ ಹೊತ್ತು ಕಾಲು ಆಡಿಸುತ್ತಾರೆ. ಪಕ್ಕದ ಮನೆಯವರಿಗೆಲ್ಲ ನಾನು ಹೇಳುವುದು ಇಷ್ಟೇ. ಬಾಯಿ ವಾಲಿತು, ಕೈ ಸೋತಿತು, ಮಾತು ತೊದಲಿತು ಅಂದರೆ ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಂಡು ಹೊರಡಿ. ತನ್ನಷ್ಟಕ್ಕೇ ಸರಿಯಾದರೂ ಹೊರಡಿ.